ಸಂಕಷ್ಟದ ನೆಲದಲ್ಲಿ ಶಸ್ತ್ರಚಿಕಿತ್ಸೆ: ಚಿಕಿತ್ಸೆಯ ಜತೆಗೆ ಸಂಶೋಧನೆಯೂ ಏಕೆ ಬೇಕು?

ಯುದ್ಧ, ಭೂಕಂಪ, ಚಂಡಮಾರುತ, ಸಾಮೂಹಿಕ ವಲಸೆಯಂತಹ ವಿಪತ್ತುಗಳು ಎದುರಾದಾಗ ಆಡಳಿತಗಳಿಗೂ ನೆರವು ಸಂಸ್ಥೆಗಳಿಗೂ ಮೊದಲು ನೆನಪಾಗುವುದು ಆಹಾರ, ಕುಡಿಯುವ ನೀರು ಮತ್ತು ಸಾಂಕ್ರಾಮಿಕ ರೋಗಗಳ ತಡೆ. ಮುರಿದ ಮೂಳೆ, ಜಜ್ಜಿಹೋದ ಕಾಲು, ಬೆನ್ನುಹುರಿಗೆ ಬಿದ್ದ ಪೆಟ್ಟು ಇವುಗಳಿಗೆ ಅಗತ್ಯವಾದ ಶಸ್ತ್ರಚಿಕಿತ್ಸೆ ಬಹುಕಾಲ ಪರಿಹಾರ ಕಾರ್ಯದ ಅಂಚಿನಲ್ಲಿಯೇ ಉಳಿದಿತ್ತು. ಶಸ್ತ್ರಚಿಕಿತ್ಸೆಯ ನಂತರ ಗಾಯಾಳುವನ್ನು ಮತ್ತೆ ನಡೆಯುವಂತೆ, ದುಡಿಯುವಂತೆ ಮಾಡುವ ಪುನಶ್ಚೇತನ ಚಿಕಿತ್ಸೆ ಅದಕ್ಕಿಂತಲೂ ಹಿಂದೆ. ಇವುಗಳಲ್ಲಿ ಯಾವ ವಿಧಾನ ಫಲ ನೀಡುತ್ತದೆ, ಯಾವುದು ನೀಡುವುದಿಲ್ಲ ಎಂಬುದನ್ನು ಆಯಾ ನೆಲದಲ್ಲಿಯೇ ಪರೀಕ್ಷಿಸಿ ತಿಳಿಯುವ ಸಂಶೋಧನೆಯಂತೂ ಇಂದಿಗೂ ಅಪರೂಪ.

ಇಂತಹ ಅಧ್ಯಯನಗಳನ್ನು ನಡೆಸಬಲ್ಲ ಸ್ಥಳೀಯ ವೈದ್ಯರು, ದಾದಿಯರು, ಫಿಸಿಯೋಥೆರಪಿಸ್ಟರು, ಅವರ ಕೈಯಲ್ಲಿರುವ ದಾಖಲೆ ವ್ಯವಸ್ಥೆ, ರೋಗಿಗಳ ಹಿತ ಕಾಯುವ ನೈತಿಕ ಪರಿಶೀಲನಾ ಸಮಿತಿ ಇವೆಲ್ಲವನ್ನೂ ಒಟ್ಟಾಗಿ ಸಂಶೋಧನಾ ಸಾಮರ್ಥ್ಯ ಎನ್ನಲಾಗುತ್ತದೆ. ಹೊರಗಿನಿಂದ ಬಂದ ಪರಿಹಾರ ತಂಡಗಳು ಕೆಲವು ವಾರಗಳಲ್ಲಿ ಹಿಂದಿರುಗುತ್ತವೆ. ಗಾಯಾಳು ಅಲ್ಲಿಯೇ ಉಳಿಯುತ್ತಾನೆ. ಎರಡು ವರ್ಷಗಳ ಬಳಿಕ ಅವನ ಸ್ಥಿತಿ ಏನಾಯಿತು ಎಂದು ಹೇಳಬಲ್ಲವರು ಅಲ್ಲಿಯೇ ಉಳಿದ ವೈದ್ಯರು ಮತ್ತು ಅವರ ದಾಖಲೆಗಳು ಮಾತ್ರ. ಸಾಮರ್ಥ್ಯವನ್ನು ಸ್ಥಳೀಯವಾಗಿ ಬೆಳೆಸಬೇಕು ಎಂಬ ವಾದದ ತಿರುಳು ಇಷ್ಟೇ.

ಕೊರತೆಯ ಪ್ರಮಾಣ

ಜಾಗತಿಕ ಶಸ್ತ್ರಚಿಕಿತ್ಸೆ ಕುರಿತು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ರಚಿಸಿದ್ದ ಆಯೋಗ 2015ರಲ್ಲಿ ತನ್ನ ವರದಿಯನ್ನು ಪ್ರಕಟಿಸಿತು. ವಿಶ್ವದ ಸುಮಾರು 500 ಕೋಟಿ ಜನರಿಗೆ ಸುರಕ್ಷಿತವಾದ, ಕೈಗೆಟಕುವ ವೆಚ್ಚದ ಶಸ್ತ್ರಚಿಕಿತ್ಸೆ ಹಾಗೂ ಅರಿವಳಿಕೆ ಸೇವೆ ಸಕಾಲದಲ್ಲಿ ದೊರೆಯುತ್ತಿಲ್ಲ ಎಂದು ಅದು ಹೇಳಿತು. ಕಡಿಮೆ ಹಾಗೂ ಮಧ್ಯಮ ವರಮಾನದ ದೇಶಗಳಲ್ಲಿ ಪ್ರತಿವರ್ಷ ಹೆಚ್ಚುವರಿಯಾಗಿ 14.3 ಕೋಟಿ ಶಸ್ತ್ರಚಿಕಿತ್ಸೆಗಳ ಅಗತ್ಯವಿದೆ. ವಿಶ್ವದ ಜನಸಂಖ್ಯೆಯ ಮೂರನೇ ಒಂದು ಭಾಗ ವಾಸಿಸುವ ಅತಿ ಬಡ ದೇಶಗಳಲ್ಲಿ ನಡೆಯುವ ಶಸ್ತ್ರಚಿಕಿತ್ಸೆಗಳು ಒಟ್ಟು ಪ್ರಮಾಣದ ಶೇ 6ರಷ್ಟು ಮಾತ್ರ ಎಂಬುದೂ ಅದರ ಲೆಕ್ಕ.

ಪುನಶ್ಚೇತನ ಚಿಕಿತ್ಸೆಯ ಚಿತ್ರಣವೂ ಭಿನ್ನವಲ್ಲ. ಇದರಿಂದ ಪ್ರಯೋಜನ ಪಡೆಯಬಲ್ಲ ಸ್ಥಿತಿಯಲ್ಲಿರುವವರು ವಿಶ್ವದಲ್ಲಿ ಸುಮಾರು 240 ಕೋಟಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕೆಲವು ದೇಶಗಳಲ್ಲಿ ಇದರ ಅಗತ್ಯವಿರುವ ಅರ್ಧಕ್ಕಿಂತ ಹೆಚ್ಚು ಜನರಿಗೆ ಸೇವೆ ತಲುಪುತ್ತಿಲ್ಲ. 2015ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ತುರ್ತು ಹಾಗೂ ಅವಶ್ಯಕ ಶಸ್ತ್ರಚಿಕಿತ್ಸೆಯನ್ನು ಬಲಪಡಿಸುವ ನಿರ್ಣಯ ಅಂಗೀಕರಿಸಿತು. ಪುನಶ್ಚೇತನ ಚಿಕಿತ್ಸೆಗೆ ಅಂತಹ ನಿರ್ಣಯ ದೊರೆಯಲು 2023ರವರೆಗೆ ಕಾಯಬೇಕಾಯಿತು.

ಇವು ಸಾಮಾನ್ಯ ದಿನಗಳ ಅಂಕಿಅಂಶಗಳು. ಇದೇ ಕೊರತೆಯ ಮೇಲೆ ವಿಪತ್ತು ಎರಗಿದರೆ ಏನಾಗುತ್ತದೆ ಎಂಬುದನ್ನು ಹೈಟಿ ತೋರಿಸಿಕೊಟ್ಟಿತು.

ಹೈಟಿ ಕಲಿಸಿದ ಪಾಠ

2010ರ ಜನವರಿ 12ರಂದು ಹೈಟಿಯ ರಾಜಧಾನಿ ಪೋರ್ಟೊ ಪ್ರಿನ್ಸ್ ಬಳಿ ಸಂಭವಿಸಿದ ಭೂಕಂಪದ ನಂತರ ಹತ್ತಾರು ದೇಶಗಳಿಂದ ವೈದ್ಯಕೀಯ ತಂಡಗಳು ಧಾವಿಸಿದವು. ಅನೇಕ ಜೀವಗಳು ಉಳಿದವು. ಆದರೆ ಎಷ್ಟು ಮಂದಿಯ ಕೈಕಾಲುಗಳನ್ನು ಕತ್ತರಿಸಲಾಯಿತು ಎಂಬ ಸರಳ ಪ್ರಶ್ನೆಗೂ ಖಚಿತ ಉತ್ತರ ದೊರೆಯಲಿಲ್ಲ. ಅಂದಾಜುಗಳು 2,000ದಿಂದ 4,000ದವರೆಗೆ ಹರಡಿಕೊಂಡವು. ಯಾವ ತಂಡ ಯಾರಿಗೆ ಯಾವ ಕಾರಣಕ್ಕೆ ಅಂಗಚ್ಛೇದನ ಮಾಡಿತು, ಅವುಗಳಲ್ಲಿ ಅನಿವಾರ್ಯವಾಗಿದ್ದವು ಎಷ್ಟು, ರೋಗಿಯ ಮುಂದಿನ ಆರೈಕೆಯ ಹೊಣೆ ಯಾರದು ಎಂಬ ಮಾಹಿತಿ ಅನೇಕ ಪ್ರಕರಣಗಳಲ್ಲಿ ಇರಲಿಲ್ಲ.

ಈ ಅನುಭವದ ಹಿನ್ನೆಲೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ವಿದೇಶಿ ವೈದ್ಯಕೀಯ ತಂಡಗಳ ವರ್ಗೀಕರಣ ಹಾಗೂ ಕನಿಷ್ಠ ಮಾನದಂಡಗಳನ್ನು ಪ್ರಕಟಿಸಿತು. 2016ರಲ್ಲಿ ಪುನಶ್ಚೇತನಕ್ಕಾಗಿಯೇ ಪ್ರತ್ಯೇಕ ಮಾನದಂಡಗಳು ಬಂದವು. ಒಳರೋಗಿಗಳಿಗೆ ಶಸ್ತ್ರಚಿಕಿತ್ಸೆ ನೀಡುವ ತಂಡದಲ್ಲಿ ಪ್ರತಿ 20 ಹಾಸಿಗೆಗಳಿಗೆ ಕನಿಷ್ಠ ಒಬ್ಬ ಪುನಶ್ಚೇತನ ತಜ್ಞ ಇರಬೇಕು ಎಂಬುದು ಅವುಗಳಲ್ಲೊಂದು. ಎಲ್ಲ ತಂಡಗಳೂ ಪ್ರತಿದಿನ ಒಂದೇ ನಮೂನೆಯಲ್ಲಿ ರೋಗಿಗಳ ಮಾಹಿತಿ ಒದಗಿಸುವ ವ್ಯವಸ್ಥೆಯನ್ನೂ ರೂಪಿಸಲಾಯಿತು. 2019ರಲ್ಲಿ ಮೊಜಾಂಬಿಕ್‌ಗೆ ಇಡಾಯ್ ಚಂಡಮಾರುತ ಅಪ್ಪಳಿಸಿದಾಗ ಆ ನಮೂನೆ ಬಳಕೆಗೆ ಬಂದಿತು.

ದಾಖಲೆಯಿಂದ ಒಪ್ಪಂದದವರೆಗೆ

ಸಂಕಷ್ಟದ ನೆಲೆಯಲ್ಲಿ ಬರೆದಿಟ್ಟ ದಾಖಲೆ ಎಷ್ಟು ದೂರ ಸಾಗಬಲ್ಲದು ಎಂಬುದಕ್ಕೆ ನೆಲಬಾಂಬ್ ಗಾಯಗಳ ಅಧ್ಯಯನ ಉತ್ತಮ ನಿದರ್ಶನ. ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಶಸ್ತ್ರವೈದ್ಯ ರಾಬಿನ್ ಕೂಪ್‌ಲ್ಯಾಂಡ್ ಮತ್ತು ಅವರ ಸಹೋದ್ಯೋಗಿ 1991ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಗಾಯಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಹೂತಿಟ್ಟ ಬಾಂಬ್ ತುಳಿದವರ ಪಾದ ಅಥವಾ ಕಾಲು ಛಿದ್ರವಾಗುವುದು ಮೊದಲನೆಯದು. ಸಮೀಪದಲ್ಲಿ ಸ್ಫೋಟಿಸಿದ ಬಾಂಬಿನ ಚೂರುಗಳು ದೇಹದ ವಿವಿಧೆಡೆ ಹೊಕ್ಕುವುದು ಎರಡನೆಯದು. ಬಾಂಬನ್ನು ಕೈಯಲ್ಲಿ ಹಿಡಿದಾಗ ಅದು ಸಿಡಿದು ಕೈ ಮತ್ತು ಮುಖಕ್ಕೆ ಹಾನಿಯಾಗುವುದು ಮೂರನೆಯದು.

ಈ ವಿಂಗಡಣೆಯಿಂದ ಚಿಕಿತ್ಸಾ ವಿಧಾನವೂ ಸ್ಪಷ್ಟವಾಯಿತು. ನೆಲಬಾಂಬ್ ಸಿಡಿದಾಗ ಮಣ್ಣು, ಹುಲ್ಲು, ಪಾದರಕ್ಷೆಯ ತುಣುಕುಗಳು ಮಾಂಸಖಂಡಗಳ ನಡುವೆ ಮೇಲಕ್ಕೆ ನುಗ್ಗುತ್ತವೆ. ಗಾಯವನ್ನು ಕೂಡಲೇ ಹೊಲಿದರೆ ಒಳಗೆ ಕೀವು ಕಟ್ಟಿ ಜೀವಕ್ಕೇ ಅಪಾಯ. ಆದ್ದರಿಂದ ಸತ್ತ ಮಾಂಸವನ್ನು ತೆಗೆದು, ಗಾಯವನ್ನು ತೆರೆದಿಟ್ಟು, ನಾಲ್ಕೈದು ದಿನಗಳ ಬಳಿಕ ಮುಚ್ಚುವುದು ರೆಡ್‌ಕ್ರಾಸ್ ಆಸ್ಪತ್ರೆಗಳ ಕ್ರಮವಾಗಿದೆ.

ಇದೇ ದಾಖಲೆಗಳು ಆಸ್ಪತ್ರೆಯ ಗೋಡೆಗಳನ್ನು ದಾಟಿ ರಾಜತಾಂತ್ರಿಕರ ಮೇಜಿಗೂ ತಲುಪಿದವು. ಗಾಯಗೊಂಡವರಲ್ಲಿ ಸೈನಿಕರಷ್ಟೇ ಅಲ್ಲದೆ ರೈತರೂ ಮಕ್ಕಳೂ ಇದ್ದಾರೆ ಎಂಬುದಕ್ಕೆ ಶಸ್ತ್ರವೈದ್ಯರ ಅಂಕಿಅಂಶಗಳೇ ಸಾಕ್ಷಿಯಾದವು. 1997ರ ಡಿಸೆಂಬರ್‌ನಲ್ಲಿ ಒಟ್ಟಾವಾದಲ್ಲಿ ಸಹಿಗೆ ಇಡಲಾದ ನೆಲಬಾಂಬ್ ನಿಷೇಧ ಒಪ್ಪಂದ 1999ರ ಮಾರ್ಚ್ 1ರಂದು ಜಾರಿಗೆ ಬಂದಿತು. ಭಾರತ ಅದಕ್ಕೆ ಸಹಿ ಹಾಕಿಲ್ಲ.

ಹಳ್ಳಿಗರೇ ಮೊದಲ ವೈದ್ಯರು

ನೆಲಬಾಂಬ್ ಗಾಯಾಳುಗಳಲ್ಲಿ ಅನೇಕರು ಆಸ್ಪತ್ರೆಗೆ ತಲುಪುವ ಮೊದಲೇ ಸಾಯುತ್ತಾರೆ. ಉತ್ತರ ಇರಾಕ್ ಮತ್ತು ಕಾಂಬೋಡಿಯಾದಲ್ಲಿ ನಾರ್ವೆಯ ವೈದ್ಯ ಹನ್ಸ್ ಹುಸುಮ್ ಮತ್ತು ಸ್ಥಳೀಯ ಸಹೋದ್ಯೋಗಿಗಳು 1997ರಿಂದ 2001ರವರೆಗೆ ನಡೆಸಿದ ಅಧ್ಯಯನ ಈ ಸಮಸ್ಯೆಯನ್ನು ಎದುರಿಸಿತು. ಆಂಬುಲೆನ್ಸ್‌ಗಳನ್ನು ತರಿಸುವ ಬದಲು ಅವರು ಮನುಷ್ಯರಿಗೆ ತರಬೇತಿ ನೀಡಿದರು. 135 ಮಂದಿ ಸ್ಥಳೀಯ ಅರೆವೈದ್ಯಕೀಯ ಸಿಬ್ಬಂದಿಗೆ ಮುಂದುವರಿದ ತರಬೇತಿ ದೊರೆಯಿತು. ಅವರೊಂದಿಗೆ ಸುಮಾರು 5,200 ಗ್ರಾಮಸ್ಥರು ರಕ್ತಸ್ರಾವ ತಡೆಯುವುದು, ಉಸಿರಾಟದ ಹಾದಿ ತೆರವುಗೊಳಿಸುವುದು, ದೇಹವನ್ನು ಬೆಚ್ಚಗಿಡುವುದು ಮುಂತಾದ ಪ್ರಥಮ ಚಿಕಿತ್ಸೆಯನ್ನು ಕಲಿತರು.

ಅಧ್ಯಯನದಲ್ಲಿ ದಾಖಲಾದ ಗಾಯಾಳುಗಳು 1,061. ಆರಂಭದಲ್ಲಿ ಶೇ 40ರಷ್ಟಿದ್ದ ಸಾವಿನ ಪ್ರಮಾಣ ಶೇ 14.9ಕ್ಕೆ ಇಳಿಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಪ್ರತಿಯೊಬ್ಬ ಗಾಯಾಳುವಿನ ನಾಡಿ, ಉಸಿರಾಟ, ಪ್ರಜ್ಞೆಯ ಸ್ಥಿತಿಯನ್ನು ಬರೆದಿಡುವ ಶಿಸ್ತು ಇಲ್ಲದಿದ್ದರೆ ಈ ಫಲಿತಾಂಶ ಯಾರಿಗೂ ತಿಳಿಯುತ್ತಿರಲಿಲ್ಲ. ಚಿಕಿತ್ಸೆ ಮತ್ತು ಅಧ್ಯಯನ ಎರಡೂ ಒಂದೇ ಕೈಗಳಲ್ಲಿ ನಡೆದವು.

ದುಬಾರಿಯಾದುದೆಲ್ಲ ಉತ್ತಮವಲ್ಲ

ಶ್ರೀಮಂತ ದೇಶಗಳಲ್ಲಿ ರೂಢಿಯಲ್ಲಿರುವ ವಿಧಾನವನ್ನು ಬಡ ದೇಶಗಳಿಗೆ ಹಾಗೆಯೇ ಒಯ್ಯುವುದು ಸುಲಭ. ಅದು ಅಲ್ಲಿ ಫಲ ನೀಡುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಗಾಯದ ಮೇಲೆ ಯಂತ್ರದ ಮೂಲಕ ಋಣ ಒತ್ತಡ ನಿರ್ಮಿಸಿ ಕೊಳೆತ ದ್ರವವನ್ನು ಹೀರುವ ಚಿಕಿತ್ಸೆ ಇದಕ್ಕೊಂದು ಉದಾಹರಣೆ. ಜೋರ್ಡಾನ್ ಮತ್ತು ಇರಾಕ್‌ನ ಎರಡು ಆಸ್ಪತ್ರೆಗಳಲ್ಲಿ ಯುದ್ಧದಿಂದ ಕೈಕಾಲಿಗೆ ಗಾಯವಾದ 174 ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ ಇದನ್ನು ಸಾಮಾನ್ಯ ಬ್ಯಾಂಡೇಜಿನೊಂದಿಗೆ ಹೋಲಿಸಲಾಯಿತು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಐದನೇ ದಿನದ ವೇಳೆಗೆ ಗಾಯ ಮುಚ್ಚುವುದರಲ್ಲಿ ಯಂತ್ರದಿಂದ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲ. ಯುದ್ಧದ ನೆರಳಿನಲ್ಲಿಯೂ ಕಟ್ಟುನಿಟ್ಟಾದ ಪರೀಕ್ಷೆ ಸಾಧ್ಯ ಎಂಬುದನ್ನೂ ಈ ಅಧ್ಯಯನ ತೋರಿಸಿತು.

ಯುದ್ಧವಿಲ್ಲದ, ಆದರೆ ಸೌಲಭ್ಯ ಸಾಲದ ಆಸ್ಪತ್ರೆಗಳಲ್ಲಿ ನಡೆದ ಎರಡು ದೊಡ್ಡ ಅಧ್ಯಯನಗಳು ಇದೇ ಮಾತನ್ನು ಪುಷ್ಟೀಕರಿಸುತ್ತವೆ. ಬೆನಿನ್, ಘಾನಾ, ಭಾರತ, ಮೆಕ್ಸಿಕೊ, ನೈಜೀರಿಯಾ, ರುವಾಂಡಾ ಮತ್ತು ದಕ್ಷಿಣ ಆಫ್ರಿಕಾಗಳ ಶಸ್ತ್ರವೈದ್ಯರು ಒಂದು ಜಾಲವಾಗಿ ಇವುಗಳನ್ನು ನಡೆಸಿದರು. ಭಾರತದ ಕೇಂದ್ರ ಲೂಧಿಯಾನದ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು. ಫಾಲ್ಕನ್ ಹೆಸರಿನ ಮೊದಲ ಅಧ್ಯಯನದಲ್ಲಿ 54 ಆಸ್ಪತ್ರೆಗಳ 5,788 ರೋಗಿಗಳಿದ್ದರು. ಚರ್ಮ ಶುಚಿಗೊಳಿಸಲು ದುಬಾರಿಯಾದ ಕ್ಲೋರ್‌ಹೆಕ್ಸಿಡಿನ್ ದ್ರಾವಣವಾಗಲಿ, ಸೋಂಕುನಿವಾರಕ ಲೇಪಿಸಿದ ಹೊಲಿಗೆ ದಾರವಾಗಲಿ ಅಗ್ಗದ ಅಯೋಡಿನ್ ಮತ್ತು ಸಾಮಾನ್ಯ ದಾರಕ್ಕಿಂತ ಉತ್ತಮವಲ್ಲ ಎಂದು 2021ರಲ್ಲಿ ಅದು ತೀರ್ಮಾನಿಸಿತು.

ಚೀತಾ ಹೆಸರಿನ ಎರಡನೇ ಅಧ್ಯಯನ 81 ಆಸ್ಪತ್ರೆಗಳ 13,301 ರೋಗಿಗಳನ್ನು ಒಳಗೊಂಡಿತ್ತು. ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಗಾಯ ಹೊಲಿಯುವ ಮುನ್ನ ಗ್ಲೌಸ್ ಮತ್ತು ಉಪಕರಣಗಳನ್ನು ಬದಲಿಸಿದರೆ ಸೋಂಕು ಶೇ 18.9ರಿಂದ ಶೇ 16ಕ್ಕೆ ಇಳಿಯುತ್ತದೆ ಎಂಬುದು 2022ರಲ್ಲಿ ಪ್ರಕಟವಾದ ಅದರ ಫಲಿತಾಂಶ. ಒಂದು ಅಧ್ಯಯನ ಅನಗತ್ಯ ವೆಚ್ಚವನ್ನು ತಪ್ಪಿಸಿತು. ಮತ್ತೊಂದು ಸರಳ ಉಪಾಯವೊಂದನ್ನು ದೃಢಪಡಿಸಿತು.

ಕುಕ್ಕರುಗಾಲಲ್ಲಿ ಕೂತ ಭಾವಚಿತ್ರ

ತೊಡೆ ಅಥವಾ ಕಣಕಾಲಿನ ಮೂಳೆ ಮುರಿದಾಗ ಒಳಗೆ ಉಕ್ಕಿನ ರಾಡ್ ಹಾಕುವುದು ನಗರಗಳ ಆಸ್ಪತ್ರೆಗಳಲ್ಲಿ ಸಾಮಾನ್ಯ. ಆದರೆ ಅದಕ್ಕೆ ಶಸ್ತ್ರಚಿಕಿತ್ಸೆಯ ವೇಳೆಯಲ್ಲಿಯೇ ಮೂಳೆಯನ್ನು ತೋರಿಸುವ ಎಕ್ಸ್-ರೇ ಯಂತ್ರ ಬೇಕು. ಅದಿಲ್ಲದ ಆಸ್ಪತ್ರೆಗಳಲ್ಲಿ ರೋಗಿಯ ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ ಮಲಗಿಸುವುದೊಂದೇ ದಾರಿ. ಆ ಅವಧಿಯಲ್ಲಿ ಕುಟುಂಬದ ದುಡಿಮೆಯೂ ನಿಲ್ಲುತ್ತದೆ.

ವಿಯೆಟ್ನಾಂ ಯುದ್ಧದಲ್ಲಿ ಸೇವೆ ಸಲ್ಲಿಸಿದ್ದ ಅಮೆರಿಕದ ಮೂಳೆ ವೈದ್ಯ ಲೂಯಿಸ್ ಜರ್ಕಲ್ 1999ರಲ್ಲಿ ಸ್ಥಾಪಿಸಿದ ‘ಸೈನ್’ ಸಂಸ್ಥೆ ಎಕ್ಸ್-ರೇ ಯಂತ್ರದ ನೆರವಿಲ್ಲದೆ ಹಾಕಬಹುದಾದ ರಾಡನ್ನು ರೂಪಿಸಿತು. ಹೊರಗಿನಿಂದ ಜೋಡಿಸುವ ಮಾರ್ಗದರ್ಶಕ ಪಟ್ಟಿಯ ಸಹಾಯದಿಂದ ಸ್ಕ್ರೂ ಕೂರಿಸುವ ಜಾಗವನ್ನು ಗುರುತಿಸುವುದು ಇದರ ವಿಶೇಷ. ರಾಡನ್ನು ಉಚಿತವಾಗಿ ನೀಡುವ ಸಂಸ್ಥೆ ಅದಕ್ಕೆ ಪ್ರತಿಯಾಗಿ ಕೇಳುವುದು ಮಾಹಿತಿಯನ್ನು. ಶಸ್ತ್ರಚಿಕಿತ್ಸೆಯ ಮೊದಲು ಮತ್ತು ನಂತರದ ಎಕ್ಸ್-ರೇಗಳನ್ನು ವೈದ್ಯರು ಸಂಸ್ಥೆಯ ದತ್ತಾಂಶ ಸಂಗ್ರಹಕ್ಕೆ ಸೇರಿಸಬೇಕು. ಮುಂದಿನ ರಾಡ್‌ಗಳ ಪೂರೈಕೆ ಅದನ್ನು ಅವಲಂಬಿಸಿದೆ. ಗುಣಮುಖನಾದ ರೋಗಿ ಕುಕ್ಕರುಗಾಲಲ್ಲಿ ಕೂತು ನಗುತ್ತಿರುವ ಭಾವಚಿತ್ರವೂ ಒಂದು ಪುರಾವೆ. ಮಂಡಿ ಪೂರ್ತಿ ಮಡಿಸಬಲ್ಲನೆ, ನೋವಿಲ್ಲದೆ ಕೂರಬಲ್ಲನೆ ಎಂಬುದಕ್ಕೆ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಹೀಗೆ ಬೆಳೆದ ಅಭ್ಯಾಸ ಮುಂದೆ ದೊಡ್ಡ ಅಧ್ಯಯನಗಳಿಗೂ ನೆಲೆಯಾಗುತ್ತದೆ. ಟಾಂಜಾನಿಯಾದ ದಾರ್ ಎಸ್ ಸಲಾಮ್ ನಗರದ ಮುಹಿಂಬಿಲಿ ಮೂಳೆ ಚಿಕಿತ್ಸಾ ಸಂಸ್ಥೆಯ ವೈದ್ಯರು ಅಮೆರಿಕದ ಸಹೋದ್ಯೋಗಿಗಳೊಂದಿಗೆ ಚರ್ಮ ಸೀಳಿ ಹೊರಬಂದ ಕಣಕಾಲು ಮೂಳೆ ಮುರಿತದ ಬಗ್ಗೆ ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಒಳಗಿನ ರಾಡ್ ಮತ್ತು ಹೊರಗಿನ ಚೌಕಟ್ಟು ಎರಡನ್ನೂ ಹೋಲಿಸಿದಾಗ, ಒಂದು ವರ್ಷದಲ್ಲಿ ಸಾವು ಅಥವಾ ಮರು ಶಸ್ತ್ರಚಿಕಿತ್ಸೆಯ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ರಾಡ್ ಹಾಕಿಸಿಕೊಂಡವರು ಆರಂಭದ ವಾರಗಳಲ್ಲಿ ಹೆಚ್ಚು ನೆಮ್ಮದಿಯಿಂದಿದ್ದರು. ಪ್ರಬಂಧದ ಮೊದಲ ಲೇಖಕ ಟಾಂಜಾನಿಯಾದ ವೈದ್ಯ ಎಂಬುದು ಗಮನಾರ್ಹ.

ಪುನಶ್ಚೇತನ: ಎಣಿಕೆಗೆ ಸಿಗದ ಅರ್ಧ ಭಾಗ

ಶಸ್ತ್ರಚಿಕಿತ್ಸೆ ಗಂಟೆಗಳಲ್ಲಿ ಮುಗಿಯುತ್ತದೆ. ಪುನಶ್ಚೇತನ ವರ್ಷಗಳ ಕೆಲಸ. ಕೃತಕ ಕಾಲು ಸವೆಯುತ್ತದೆ. ಬೆಳೆಯುವ ಮಗುವಿಗೆ ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಮುನ್ನ ಹೊಸ ಕಾಲು ಬೇಕಾಗುತ್ತದೆ. ಕಾಬೂಲ್‌ನಲ್ಲಿ 1988ರಲ್ಲಿ ರೆಡ್‌ಕ್ರಾಸ್ ಸಮಿತಿ ಆರಂಭಿಸಿದ ಕೇಂದ್ರ ಇದನ್ನು ಅರಿತು ನಡೆದ ಸಂಸ್ಥೆ. 1990ರಿಂದ ಅಫ್ಘಾನಿಸ್ತಾನದಲ್ಲಿ ನೆಲೆಸಿ ಕೆಲಸ ಮಾಡಿದ ಇಟಲಿಯ ಫಿಸಿಯೋಥೆರಪಿಸ್ಟ್ ಆಲ್ಬರ್ಟೊ ಕೈರೊ ಅಲ್ಲಿ ಅಂಗವಿಕಲರನ್ನೇ ಕೆಲಸಕ್ಕೆ ಸೇರಿಸಿಕೊಳ್ಳುವ ಪದ್ಧತಿಯನ್ನು ಬೆಳೆಸಿದರು. ಕೃತಕ ಕಾಲು ತಯಾರಿಸುವವನೂ ಕೃತಕ ಕಾಲಿನಲ್ಲಿ ನಡೆಯುವವನಾಗಿದ್ದರೆ ದೋಷ ಬೇಗ ತಿಳಿಯುತ್ತದೆ. ಆಳ್ವಿಕೆಗಳು ಬದಲಾದರೂ ಆ ಸಿಬ್ಬಂದಿಯ ಅನುಭವ ಅಲ್ಲಿಯೇ ಉಳಿಯಿತು.

ನೇಪಾಳದಲ್ಲಿ 2015ರ ಏಪ್ರಿಲ್ 25ರ ಭೂಕಂಪಕ್ಕೆ ಸುಮಾರು 9,000 ಜನ ಬಲಿಯಾದರು. 22,000ಕ್ಕೂ ಹೆಚ್ಚು ಮಂದಿ ಗಾಯಗೊಂಡರು. 2002ರಲ್ಲಿಯೇ ಆರಂಭವಾಗಿದ್ದ ಬೆನ್ನುಹುರಿ ಗಾಯಗಳ ಪುನಶ್ಚೇತನ ಕೇಂದ್ರ ಆಗ ಕಠ್ಮಂಡು ಸಮೀಪದ ಸಾಂಗಾದಲ್ಲಿ ಕಾರ್ಯನಿರ್ವಹಿಸುತ್ತಿತ್ತು. ರೋಗಿಗಳ ಸಂಖ್ಯೆ ಕೇಂದ್ರದ ಸಾಮರ್ಥ್ಯವನ್ನು ಮೀರಿದರೂ, ತರಬೇತಾದ ನೇಪಾಳಿ ಸಿಬ್ಬಂದಿ ಅಲ್ಲಿ ಸಿದ್ಧವಿದ್ದರು. ಅವರು ಕಾಯ್ದಿಟ್ಟ ಮಾಹಿತಿಯಿಂದಲೇ ಭೂಕಂಪದ ಬೆನ್ನುಹುರಿ ಗಾಯಗಳ ಅಧ್ಯಯನ ಪ್ರಕಟವಾಗುವುದು ಸಾಧ್ಯವಾಯಿತು. ವಿಪತ್ತಿಗೆ ಹದಿಮೂರು ವರ್ಷ ಮೊದಲು ಕಟ್ಟಿದ ಸಾಮರ್ಥ್ಯ ವಿಪತ್ತಿನ ದಿನ ನೆರವಿಗೆ ಬಂದಿತು.

ಗಾಜಾದಲ್ಲಿ ಸುಮಾರು 42,000 ಮಂದಿ ಬದುಕನ್ನೇ ಬದಲಿಸುವಂತಹ ಗಾಯಗಳಿಗೆ ತುತ್ತಾಗಿದ್ದಾರೆ, ಅವರಲ್ಲಿ ನಾಲ್ಕನೇ ಒಂದು ಭಾಗ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರ ಅಕ್ಟೋಬರ್‌ನಲ್ಲಿ ಅಂದಾಜಿಸಿತು. ಈ ಮಕ್ಕಳಿಗೆ ಮುಂದಿನ ಹತ್ತಾರು ವರ್ಷ ಆರೈಕೆ ಬೇಕು. ಅದರ ಯೋಜನೆಗೆ ಆಧಾರವಾಗಬೇಕಾದ ದಾಖಲೆಗಳನ್ನು ಇಡಬೇಕಾದ ಆಸ್ಪತ್ರೆಗಳೇ ಹಾನಿಗೊಂಡಿವೆ.

ಭಾರತದ ಅನುಭವ

ಈ ಕ್ಷೇತ್ರದಲ್ಲಿ ಭಾರತಕ್ಕೆ ತನ್ನದೇ ಇತಿಹಾಸವಿದೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ 1940ರ ದಶಕದ ಕೊನೆಯಿಂದ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕೈಗಳ ಮೇಲೆ ಶಸ್ತ್ರಚಿಕಿತ್ಸೆ ನಡೆಸಿದರು. ಬೆರಳುಗಳು ಸವೆಯುವುದು ಮಾಂಸ ಕೊಳೆಯುವುದರಿಂದಲ್ಲ, ಸ್ಪರ್ಶಜ್ಞಾನ ಕಳೆದುಕೊಂಡ ಕೈಗೆ ಗಾಯವಾದುದು ತಿಳಿಯದಿರುವುದರಿಂದ ಎಂಬುದನ್ನು ಅವರು ರೋಗಿಗಳನ್ನು ನಿಕಟವಾಗಿ ಗಮನಿಸಿ ಕಂಡುಕೊಂಡರು. ಅವರ ಜತೆ ಕೆಲಸ ಮಾಡಿದ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ನಂತರ ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ವೆಲ್ಲೂರಿನ ಪುನಶ್ಚೇತನ ವಿಭಾಗವನ್ನು ಕಟ್ಟಿದರು.

1960ರ ದಶಕದ ಕೊನೆಯಲ್ಲಿ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ ಜೈಪುರ ಪಾದ ನೆಲದ ಮೇಲೆ ಕುಳಿತುಕೊಳ್ಳುವ, ಬರಿಗಾಲಲ್ಲಿ ಗದ್ದೆಗಿಳಿಯುವ ಜನರ ಅಗತ್ಯಕ್ಕೆ ಹೊಂದುವಂತಹದು. ಸೇಠಿ ಅವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಆದರೆ ಕೊಟ್ಟ ಕಾಲುಗಳ ಎಣಿಕೆಯೇ ಎಲ್ಲವೂ ಅಲ್ಲ. ಹೊಂಡುರಾಸ್, ಉಗಾಂಡಾ ಮತ್ತು ಭಾರತದಲ್ಲಿ ಈ ತಂತ್ರದ ಪ್ಲಾಸ್ಟಿಕ್ ಕಾಲುಗಳನ್ನು ಧರಿಸಿದವರನ್ನು ಮತ್ತೆ ಭೇಟಿಯಾಗಿ ನಡೆಸಿದ, 2004ರಲ್ಲಿ ಪ್ರಕಟವಾದ ಅಧ್ಯಯನ ಜೋಡಣೆ ಹಾಗೂ ಬಾಳಿಕೆಯ ದೋಷಗಳನ್ನು ಗುರುತಿಸಿತು. ಉತ್ತಮ ಉಪಾಯಕ್ಕೂ ಮರುಪರೀಕ್ಷೆ ಬೇಕು ಎಂಬುದನ್ನು ಇದು ನೆನಪಿಸುತ್ತದೆ.

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, 1994ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಸಂಸ್ಥೆ ಕೃತಕ ಅಂಗಗಳು ಮತ್ತು ಆಧಾರ ಸಾಧನಗಳ ತಯಾರಿಕೆಯಲ್ಲಿ ತರಬೇತಿ ನೀಡುತ್ತಿದ್ದು, ನೆರೆಯ ದೇಶಗಳ ವಿದ್ಯಾರ್ಥಿಗಳೂ ಇಲ್ಲಿ ಕಲಿತಿದ್ದಾರೆ.

ಸಾಮರ್ಥ್ಯ ಕಟ್ಟುವ ಬಗೆ

ಮೇಲಿನ ನಿದರ್ಶನಗಳಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು ದಾಖಲಾತಿ. ಹೆಸರು, ಗಾಯದ ಬಗೆ, ಮಾಡಿದ ಚಿಕಿತ್ಸೆ, ಮರುಭೇಟಿಯ ದಿನ ಇಷ್ಟನ್ನು ಒಂದೇ ಕ್ರಮದಲ್ಲಿ ಬರೆದಿಡುವ ರಿಜಿಸ್ಟರ್ ಎಲ್ಲ ಸಂಶೋಧನೆಯ ಬುನಾದಿ. ಎರಡನೆಯದು ತರಬೇತಿ. ವಿಶ್ವ ಆರೋಗ್ಯ ಸಂಸ್ಥೆಯಲ್ಲಿರುವ ಟಿಡಿಆರ್ ಕಾರ್ಯಕ್ರಮ ಸಮನ್ವಯಿಸುವ ‘ಸಾರ್ಟ್ ಇಟ್’ ತರಬೇತಿಯಲ್ಲಿ ಆರೋಗ್ಯ ಸಿಬ್ಬಂದಿ ತಮ್ಮದೇ ಆಸ್ಪತ್ರೆಯ ದಾಖಲೆಗಳನ್ನು ಬಳಸಿ ಪ್ರಬಂಧ ಬರೆಯುತ್ತಾರೆ. ನಿಗದಿತ ಹಂತಗಳನ್ನು ಸಕಾಲದಲ್ಲಿ ಪೂರೈಸದವರಿಗೆ ಮುಂದುವರಿಯಲು ಅವಕಾಶವಿಲ್ಲ.

ಮೂರನೆಯದು ನೈತಿಕತೆ. ಪ್ರಾಣಾಪಾಯದಲ್ಲಿರುವ, ಬೇರೆ ಆಸ್ಪತ್ರೆಯ ಆಯ್ಕೆಯೇ ಇಲ್ಲದ ನಿರಾಶ್ರಿತ ನೀಡುವ ಒಪ್ಪಿಗೆ ನಿಜವಾಗಿಯೂ ಸ್ವಇಚ್ಛೆಯದೇ ಎಂಬ ಪ್ರಶ್ನೆಯನ್ನು ಕೇಳುವವರು ಇರಬೇಕು. ಗಡಿರಹಿತ ವೈದ್ಯರ ಸಂಸ್ಥೆ (ಎಂಎಸ್‌ಎಫ್) 2001ರಲ್ಲಿಯೇ ಇದಕ್ಕಾಗಿ ಸ್ವತಂತ್ರ ಪರಿಶೀಲನಾ ಮಂಡಳಿ ರಚಿಸಿತು. ನಾಲ್ಕನೆಯದು ಕರ್ತೃತ್ವ. ಮಾಹಿತಿ ಸಂಗ್ರಹಿಸಿದ ಸ್ಥಳೀಯರ ಹೆಸರು ಪ್ರಬಂಧದಲ್ಲಿ ಇಲ್ಲದಿದ್ದರೆ, ಪ್ರಶ್ನೆಯನ್ನು ಆರಿಸುವ ಹಕ್ಕೂ ಅವರಿಗೆ ದೊರೆಯುವುದಿಲ್ಲ.

ಕೊನೆಯದು ಹಣ. ನೆರವಿನ ಹಣ ಸಾಮಾನ್ಯವಾಗಿ ತಿಂಗಳುಗಳ ಲೆಕ್ಕದಲ್ಲಿ ಬರುತ್ತದೆ. ಮರುಪರೀಕ್ಷೆಗೆ ಬೇಕಾದುದು ವರ್ಷಗಳು. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತೀವ್ರವಾಗಿ ಕಡಿತಗೊಳಿಸಿದ ನಂತರ ಈ ಅಂತರ ಇನ್ನಷ್ಟು ಹಿಗ್ಗಿದೆ.

ಗಾಯಾಳು ತನ್ನ ಮುಂದಿರುವಾಗ ರಿಜಿಸ್ಟರ್ ತುಂಬುವುದು ಎರಡನೆಯ ಕೆಲಸವೆಂದು ತೋರುವುದು ಸಹಜ. ಮೊದಲ ಕರ್ತವ್ಯ ಜೀವ ಉಳಿಸುವುದೇ ಎಂಬುದರಲ್ಲಿ ವಿವಾದವಿಲ್ಲ. ಆದರೆ ಇಂದು ಬರೆದಿಡದ ಮಾಹಿತಿಯ ಬೆಲೆಯನ್ನು ನಾಳೆ ಅದೇ ಬಗೆಯ ಗಾಯದೊಂದಿಗೆ ಬರುವ ಮತ್ತೊಬ್ಬ ರೋಗಿ ತೆರಬೇಕಾಗುತ್ತದೆ. ಭೂಕಂಪ ಅಥವಾ ಯುದ್ಧ ಆರಂಭವಾದ ದಿನ ಸಾಮರ್ಥ್ಯ ಕಟ್ಟಲು ಹೊರಟರೆ ತಡವಾಗಿರುತ್ತದೆ. ಅದಕ್ಕೆ ತಕ್ಕ ಕಾಲ ಶಾಂತಿಯ ದಿನಗಳು. ತಕ್ಕ ಸ್ಥಳ, ಜಿಲ್ಲಾ ಮಟ್ಟದ ಸಾಮಾನ್ಯ ಆಸ್ಪತ್ರೆಗಳು.